ಇಳಿಜಾರಿನ ಹತ್ತು ಸೆಂಟ್ ಜಾಗದಲ್ಲಿ ಮನೆ: ಮೂವತ್ತು ಲಕ್ಷ ಸಾಕಾಗುತ್ತದೆಯೇ?

ಮಾದಾಪುರದವನು, ಸದ್ಯ ಮೈಸೂರು

ಎಲ್ಲರಿಗೂ ನಮಸ್ಕಾರ. ಮಾದಾಪುರದ ಸಮೀಪ, ತಂದೆಯವರ ತೋಟದ ಅಂಚಿನಲ್ಲಿ ಪಂಚಾಯಿತಿ ರಸ್ತೆಗೆ ತಾಗಿಕೊಂಡಿರುವ ಹತ್ತು ಸೆಂಟ್ ಜಾಗದಲ್ಲಿ ಮನೆ ಕಟ್ಟಲು ನಿರ್ಧರಿಸಿದ್ದೇವೆ. ಜಾಗ 66 ಅಡಿ ಉದ್ದ, 66 ಅಡಿ ಅಗಲವಿದ್ದು, ರಸ್ತೆಯ ಬದಿಯಿಂದ ಕೆಳಗಿನ ಅಂಚಿಗೆ ಬರುವಷ್ಟರಲ್ಲಿ ಸುಮಾರು 12 ಅಡಿ ಇಳಿಯುತ್ತದೆ. ಅಮ್ಮನಿಗೆ ಮಂಡಿನೋವು ಇರುವುದರಿಂದ ಮೆಟ್ಟಿಲುಗಳಿಲ್ಲದ, ಒಂದೇ ಮಟ್ಟದ ಮನೆ ಆಗಬೇಕೆಂಬುದು ನಮ್ಮ ಆಸೆ. ಎರಡು ಕೋಣೆಗಳಿರುವ 1,250 ಚದರ ಅಡಿಯ ಮನೆಗೆ ಮೈಸೂರಿನ ಗುತ್ತಿಗೆದಾರರೊಬ್ಬರು ಚದರ ಅಡಿಗೆ 2,100 ರೂಪಾಯಿಯಂತೆ 26,25,000 ರೂಪಾಯಿ ಹೇಳಿದ್ದಾರೆ. ಉಳಿತಾಯ ಮತ್ತು ಬ್ಯಾಂಕ್ ಸಾಲ ಸೇರಿಸಿ ನಮ್ಮ ಕೈಯಲ್ಲಿರುವುದು 30 ಲಕ್ಷ. ಜಾಗವನ್ನು ಪೂರ್ತಿ ಅಗೆದು ಸಮತಟ್ಟು ಮಾಡಿದ ಮೇಲೆ ಕೆಲಸ ಆರಂಭಿಸೋಣ ಎಂಬುದು ಗುತ್ತಿಗೆದಾರರ ಸಲಹೆ. ತಂದೆಯವರು ಮಾತ್ರ, 2018ರ ಮಳೆಯನ್ನು ನೋಡಿದ ಮೇಲೆ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿಯಲು ತಮಗೆ ಧೈರ್ಯವಿಲ್ಲ ಎನ್ನುತ್ತಾರೆ. ಈಗ ನವೆಂಬರ್ ತಿಂಗಳು. ಈಗಲೇ ಆರಂಭಿಸಿದರೆ ಮುಂದಿನ ಮಳೆಗಾಲಕ್ಕೆ ಮುನ್ನ ಮನೆ ಮುಗಿಯುವುದೇ, ಈ ಅಂದಾಜಿನಲ್ಲಿ ಬಿಟ್ಟುಹೋಗಿರುವುದು ಏನು ಎಂಬುದನ್ನು ಕೊಡಗಿನಲ್ಲೇ ಮನೆ ಕಟ್ಟಿಸಿದವರಿಂದ ತಿಳಿಯಬಯಸುತ್ತೇನೆ.

ನಿವೃತ್ತ ಶಿಕ್ಷಕಿ, ಮಡಿಕೇರಿ

ನಿಮ್ಮ ತಂದೆಯವರ ಭಯಕ್ಕೆ ಬೆಲೆ ಕೊಡಿ ಎಂಬುದು ನನ್ನ ಮೊದಲ ಮಾತು. ಆ ವರ್ಷದ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದಕ್ಕೆ ವಿಪರೀತ ಮಳೆಯ ಜೊತೆಗೆ, ಮನೆಗೂ ರಸ್ತೆಗೂ ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಹೇಳಿದ್ದರು.

ನಾನು 2021ರಲ್ಲಿ ಮಡಿಕೇರಿಯ ಹೊರವಲಯದಲ್ಲಿ 1,100 ಚದರ ಅಡಿಯ ಮನೆ ಕಟ್ಟಿಸಿದೆ. ಒಪ್ಪಂದವಾದದ್ದು ಚದರ ಅಡಿಗೆ 1,850ರಂತೆ 20,35,000 ರೂಪಾಯಿಗೆ. ಆ ಒಪ್ಪಂದದ ಹೊರಗೆ ತಡೆಗೋಡೆಗೆ 2,90,000, ಹಿಟಾಚಿ ಮತ್ತು ಮಣ್ಣು ಸಾಗಣೆಗೆ 85,000, ತಾರಸಿಯ ಮೇಲಿನ ಟ್ರಸ್ (ಮಾಡನ್ನು ಹೊರುವ ಕಬ್ಬಿಣದ ಚೌಕಟ್ಟು) ಮತ್ತು ಶೀಟಿಗೆ 2,40,000, ಮೂರು ಕಂಬ ಎಳೆಸಿ ವಿದ್ಯುತ್ ತರಿಸಲು 95,000, ಶೌಚದ ಗುಂಡಿಗೆ 70,000 ರೂಪಾಯಿ ಹೋಯಿತು. ಒಟ್ಟು 28,15,000. ಅಂದರೆ ಒಪ್ಪಂದದಲ್ಲಿ 1,850 ಎಂದಿದ್ದ ದರ ನಿಜವಾಗಿ 2,559 ಆಯಿತು. ಬಯಲುಸೀಮೆಯ ಚದರ ಅಡಿ ಲೆಕ್ಕದಲ್ಲಿ ಇಳಿಜಾರೂ ಇರುವುದಿಲ್ಲ, ಮಳೆಯೂ ಇರುವುದಿಲ್ಲ. ನಮ್ಮಲ್ಲಿ ಹಣ ಮೊದಲು ಹೋಗುವುದೇ ಅವೆರಡಕ್ಕೆ.

ತಡೆಗೋಡೆಯ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ಅದನ್ನು ಎರಡು ಬಾರಿ ಕಟ್ಟಿಸಿದ್ದೇನೆ. ಮೇಲೆ ಬರೆದ ಮೊತ್ತ ಎರಡೂ ಸೇರಿದ್ದು. ಮೊದಲನೆಯದನ್ನು ಸೈಜುಕಲ್ಲಿನಿಂದ ಗಟ್ಟಿಯಾಗಿಯೇ ಕಟ್ಟಿದ್ದರು, ನೋಡಲು ಬಹಳ ಚೆನ್ನಾಗಿತ್ತು, ಆದರೆ ನೀರು ಹೊರಬರಲು ಒಂದು ರಂಧ್ರವನ್ನೂ ಬಿಟ್ಟಿರಲಿಲ್ಲ. ಜುಲೈ ತಿಂಗಳಲ್ಲಿ ಹಿಂದಿನ ಮಣ್ಣು ನೀರು ಕುಡಿದು ಭಾರವಾಯಿತು, ಹೋಗಲು ದಾರಿಯಿಲ್ಲದ ನೀರು ಗೋಡೆಯನ್ನೇ ತಳ್ಳಿತು, ಮಧ್ಯಭಾಗ ಹೊಟ್ಟೆ ಬಿಟ್ಟುಕೊಂಡು ಮುಂದಕ್ಕೆ ಬಂತು. ಹತ್ತು ದಿನ ನಾವು ಹಿಂದಿನ ಕೋಣೆಯಲ್ಲಿ ಮಲಗಲಿಲ್ಲ. ಮಳೆ ನಿಂತ ಮೇಲೆ ಅದನ್ನು ಬಿಚ್ಚಿಸಿ, ನಾಲ್ಕೈದು ಅಡಿಗೊಂದರಂತೆ ಮೂರು ಇಂಚಿನ ಪೈಪುಗಳನ್ನು ಹೊರಕ್ಕೆ ಓರೆಯಾಗಿ ಇಟ್ಟು, ಗೋಡೆಯ ಬೆನ್ನಿಗೆ ಒಂದು ಅಡಿ ದಪ್ಪಕ್ಕೆ ಜಲ್ಲಿ ತುಂಬಿಸಿ, ಬರೆಯ ತಲೆಯ ಮೇಲೆ ಸಿಮೆಂಟಿನ ಚರಂಡಿ ಮಾಡಿಸಿದೆವು. ಆಮೇಲೆ ಪ್ರತಿ ಮಳೆಗೂ ಆ ಪೈಪುಗಳಿಂದ ನೀರು ಸುರಿಯುವುದನ್ನು ನೋಡಿದಾಗ, ಅಷ್ಟೂ ನೀರು ಮೊದಲು ಎಲ್ಲಿ ನಿಂತಿತ್ತು ಎಂದು ಯೋಚಿಸಿ ಮೈ ಜುಂ ಎನ್ನುತ್ತದೆ.

ಇನ್ನು ನಿಮ್ಮ ಜಾಗದ ಮಾತು. ಪೂರ್ತಿ ಸಮತಟ್ಟು ಮಾಡುವುದೆಂದರೆ ಮೇಲಿನ ಅಂಚಿನಲ್ಲಿ ಆರು ಅಡಿ ಕಡಿದು ಕೆಳಗಿನ ಅಂಚಿನಲ್ಲಿ ಆರು ಅಡಿ ತುಂಬಿಸುವುದು. ಹಾಗೆ ಮಾಡಿದರೆ ನಿಮ್ಮ ಹಿತ್ತಲಿನ ಬರೆಯ ಮೇಲೆ ನಿಂತಿರುವುದು ಪಂಚಾಯಿತಿ ರಸ್ತೆಯೇ. ಅದರ ಮೇಲೆ ಓಡಾಡುವ ಲಾರಿಗಳ ಭಾರ, ಅದರ ಚರಂಡಿಯ ನೀರು ಎರಡೂ ನಿಮ್ಮ ಗೋಡೆಯ ಮೇಲೆ ಬೀಳುತ್ತವೆ. ಕೆಳಗೆ ತುಂಬಿಸಿದ ಮಣ್ಣಾದರೋ ಎರಡು ಮೂರು ಮಳೆಗಾಲ ಕಳೆಯುವವರೆಗೂ ಕುಸಿಯುತ್ತಲೇ ಇರುತ್ತದೆ. ಅರ್ಧ ಮನೆ ಗಟ್ಟಿ ಮಣ್ಣಿನ ಮೇಲೆ, ಅರ್ಧ ಮನೆ ತುಂಬಿದ ಮಣ್ಣಿನ ಮೇಲೆ ಕುಳಿತರೆ ಗೋಡೆ ಬಿರುಕು ಬಿಡುವುದು ಆ ಎರಡೂ ಸೇರುವ ಜಾಗದಲ್ಲಿ.

ಅಮ್ಮನವರ ಮಂಡಿನೋವಿಗಾಗಿ ಜಾಗವನ್ನೇ ಅಗೆಯಬೇಕಾಗಿಲ್ಲ. ನೆಲವನ್ನು ರಸ್ತೆಯ ಮಟ್ಟಕ್ಕೆ ಇಟ್ಟುಕೊಂಡು, ಚರಂಡಿಗೆ ಜಾಗ ಬಿಟ್ಟು, ಕೆಳಭಾಗವನ್ನು ಪಿಲ್ಲರುಗಳ ಮೇಲೆ ನಿಲ್ಲಿಸಬಹುದು. ಮನೆ ಇಳಿಜಾರಿನ ಕಡೆಗೆ 33 ಅಡಿ ಚಾಚಿಕೊಂಡರೆ ಕೆಳತುದಿಯಲ್ಲಿ ಪಿಲ್ಲರಿನ ಎತ್ತರ ಸುಮಾರು ಆರು ಅಡಿ ಆಗುತ್ತದೆ, ಮತ್ತು ಆ ಅಡಿಭಾಗ ಸೌದೆಗೂ ಕಾಳುಮೆಣಸಿನ ಚೀಲಗಳಿಗೂ ಉಪಯೋಗವಾಗುತ್ತದೆ. ಪಿಲ್ಲರಿನ ಪಾದ ಮಾತ್ರ ಮೇಲಿನ ಸಡಿಲ ಮಣ್ಣನ್ನು ದಾಟಿ ಮೂಲದ ಗಟ್ಟಿ ಮಣ್ಣಿನಲ್ಲಿ ಕೂರಬೇಕು. ಎಷ್ಟು ಆಳವೆಂಬುದನ್ನು ಸ್ಥಳಕ್ಕೆ ಬಂದು ನೋಡಿದ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕೇ ಹೊರತು ಮೇಸ್ತ್ರಿಯೂ ಅಲ್ಲ, ನಾನೂ ಅಲ್ಲ.

ಕಟ್ಟಡ ಕೆಲಸದವನು, ಕುಶಾಲನಗರ

ಟೀಚರ್ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಕಾಲದ ಬಗ್ಗೆ ಮಾತ್ರ ಬರೆಯುತ್ತೇನೆ. ನವೆಂಬರ್‌ನಲ್ಲಿ ಆರಂಭಿಸಿದರೆ ಜೂನ್‌ಗೆ ಮುನ್ನ ಏಳು ತಿಂಗಳಿವೆ ಎಂದು ಕಾಣುತ್ತದೆ, ಆದರೆ ಅಷ್ಟು ಸಿಗುವುದಿಲ್ಲ. ಅರೇಬಿಕಾ ಕೊಯ್ಲು ಮುಗಿಯುವಷ್ಟರಲ್ಲಿ ರೊಬಸ್ಟಾ ಕೊಯ್ಲು ಬರುತ್ತದೆ. ಆ ತಿಂಗಳುಗಳಲ್ಲಿ ಊರಿನ ಕೈಯಾಳುಗಳೆಲ್ಲ ತೋಟದಲ್ಲಿರುತ್ತಾರೆ. ನಡುವೆ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಬರುತ್ತದೆ. ಹೊರಗಿನಿಂದ ಬಂದ ಗಾರೆಯವರು ತಮ್ಮ ಹಬ್ಬಕ್ಕೆಂದು ಊರಿಗೆ ಹೋದರೆ ಹದಿನೈದು ದಿನ ಕಳೆದಂತೆಯೇ. ಆದ್ದರಿಂದ ತಾರಸಿಯ ಕಾಂಕ್ರೀಟನ್ನು ಏಪ್ರಿಲ್ ಮೊದಲ ವಾರದೊಳಗೆ ಹಾಕಿ ಮುಗಿಸುವುದನ್ನೇ ಗುರಿಯಾಗಿ ಇಟ್ಟುಕೊಳ್ಳಿ. ಗಿಲಾವು ಮತ್ತು ಒಳಗಿನ ಕೆಲಸ ಮಳೆಯಲ್ಲೂ ನಡೆಯುತ್ತದೆ. ಬಣ್ಣವನ್ನು ಮಾತ್ರ ಮಳೆಗಾಲ ಕಳೆದು ಗೋಡೆ ಒಣಗುವವರೆಗೆ ಮುಟ್ಟಬೇಡಿ.

ಆತುರದಲ್ಲಿ ಸೆಂಟ್ರಿಂಗ್, ಅಂದರೆ ಹಸಿ ಕಾಂಕ್ರೀಟನ್ನು ಹೊರುವ ಅಚ್ಚು ಮತ್ತು ಆನಿಕೆ, ಬಿಚ್ಚಲು ಬಿಡಬೇಡಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆಯ ಪ್ರಕಾರ ನಾಲ್ಕೂವರೆ ಮೀಟರ್‌ಗಿಂತ ಅಗಲದ ತಾರಸಿಯ ಆನಿಕೆಗಳನ್ನು ಕನಿಷ್ಠ 14 ದಿನ ತೆಗೆಯುವಂತಿಲ್ಲ, ಆರು ಮೀಟರ್‌ಗಿಂತ ಉದ್ದದ ಬೀಮ್‌ಗಳಿಗೆ 21 ದಿನ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ನೀರು ಹಾಯಿಸಬೇಕು. ಮೋಡ ಕವಿದಿದೆ, ತಂಪಿದೆ ಎಂಬ ನೆಪದಲ್ಲಿ ಕ್ಯೂರಿಂಗ್ ತಪ್ಪಿಸುವುದನ್ನು ನಮ್ಮ ಕಡೆ ಬಹಳ ನೋಡಿದ್ದೇನೆ.

ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ವಾಹನಗಳನ್ನು ನಿರ್ಬಂಧಿಸುವುದುಂಟು, ಹಾಗಾಗಿ ಎಂ-ಸ್ಯಾಂಡ್, ಜಲ್ಲಿ, ಬ್ಲಾಕುಗಳನ್ನು ಮೇ ತಿಂಗಳಿಗೇ ತರಿಸಿಡಿ. ಸಿಮೆಂಟನ್ನು ಮಾತ್ರ ಹಾಗೆ ಕೂಡಿಡಬೇಡಿ, ನಮ್ಮ ಥಂಡಿಗೆ ಚೀಲದಲ್ಲೇ ಗಟ್ಟಿಯಾಗುತ್ತದೆ. ದೊಡ್ಡ ಟಿಪ್ಪರ್ ನಿಮ್ಮ ಜಾಗದವರೆಗೆ ಬರುವುದೇ ಎಂದು ಈಗಲೇ ನೋಡಿಕೊಳ್ಳಿ. ಬರದಿದ್ದರೆ ಮುಖ್ಯರಸ್ತೆಯಲ್ಲಿ ಇಳಿಸಿ ಪಿಕಪ್‌ನಲ್ಲಿ ಸಾಗಿಸಬೇಕು, ಇಳಿಸುವ ಕೂಲಿ ಎರಡೆರಡು ಬಾರಿ ಬೀಳುತ್ತದೆ. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ನಿಮ್ಮ ಗುತ್ತಿಗೆದಾರರ ಅಂದಾಜು ಅದಕ್ಕೂ ಹಿಂದಿನದಾಗಿದ್ದರೆ ಹೊಸದಾಗಿ ಬರೆಸಿಕೊಳ್ಳಿ.

ನಿವೃತ್ತ ಬ್ಯಾಂಕ್ ನೌಕರ, ವಿರಾಜಪೇಟೆ

ಕಲ್ಲು ಮಣ್ಣಿಗಿಂತ ಮೊದಲು ಕಾಗದ ನೋಡಿ. ತಂದೆಯವರ ತೋಟ ಜಮ್ಮಾ ಹಿಡುವಳಿಯೇ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಕೊಡಗಿನ ಹಳೆಯ ಬಗೆಯ ಹಿಡುವಳಿಯೇ? ಹಾಗಿದ್ದರೆ ಪಹಣಿಯಲ್ಲಿ ಪಟ್ಟೆದಾರರ (ಮನೆತನದ ಯಜಮಾನರ) ಜೊತೆ ಒಕ್ಕದ, ಅಂದರೆ ಮನೆತನದ, ಇತರರ ಹೆಸರುಗಳೂ ಇರಬಹುದು, ಹತ್ತು ಸೆಂಟ್ ಬೇರ್ಪಡಿಸಲು ಅವರೆಲ್ಲರ ಒಪ್ಪಿಗೆ ಬೇಕಾಗುತ್ತದೆ. ಅಲ್ಲಿಂದ 11ಇ ನಕ್ಷೆ (ಬೇರ್ಪಡಿಸುವ ಭಾಗದ ಸರ್ವೆ ನಕ್ಷೆ), ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ, ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಕೊನೆಗೆ ಕಟ್ಟಡ ಪರವಾನಗಿ. ಇವಿಷ್ಟೂ ಕೈಗೆ ಬರುವ ಮೊದಲು ಗುತ್ತಿಗೆದಾರರಿಗೆ ಮುಂಗಡ ಕೊಡಬೇಡಿ. ಜಾಗದಲ್ಲಿ ಬೀಟೆಯಂಥ ಮರಗಳಿದ್ದರೆ, ಅವು ನಿಮ್ಮವೇ ಸರ್ಕಾರದವೇ ಎಂಬುದನ್ನು ಹಿಡುವಳಿಯ ಸ್ವರೂಪವೇ ನಿರ್ಧರಿಸುತ್ತದೆ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೊಡಲಿ ಹಾಕಬಾರದು.

ಸಾಲದ ವಿಷಯದಲ್ಲಿ, 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿಯ ಮೌಲ್ಯದ ಶೇ. 90ರವರೆಗೆ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ, ಆದರೆ ಹಣ ಒಮ್ಮೆಲೇ ಬರುವುದಿಲ್ಲ. ತಳಪಾಯ, ಲಿಂಟಲ್, ತಾರಸಿ ಎಂದು ಹಂತ ಹಂತವಾಗಿ, ಆಯಾ ಹಂತ ಮುಗಿದ ಮೇಲೆ ಬಿಡುಗಡೆಯಾಗುತ್ತದೆ. ತಡೆಗೋಡೆ ಮತ್ತು ಚರಂಡಿಯನ್ನು ಎಂಜಿನಿಯರ್ ಅಂದಾಜುಪಟ್ಟಿಯಲ್ಲಿ ಪ್ರತ್ಯೇಕ ಬಾಬಾಗಿ ಬರೆಯದಿದ್ದರೆ ಆ ಖರ್ಚು ಪೂರ್ತಿ ನಿಮ್ಮ ಉಳಿತಾಯದ ಮೇಲೆ ಬೀಳುತ್ತದೆ, ಅದೂ ಮೊದಲ ಕಂತು ಬರುವ ಮುನ್ನವೇ. ನಾನು ಕೆಲಸದಲ್ಲಿದ್ದಾಗ ಅರ್ಧಕ್ಕೆ ನಿಂತ ಮನೆಗಳಲ್ಲಿ ಹೆಚ್ಚಿನವು ಹೀಗೆಯೇ ನಿಂತವು.

ಮಾದಾಪುರದವನು, ಸದ್ಯ ಮೈಸೂರು

ತಮ್ಮೆಲ್ಲರ ಉತ್ತರಗಳನ್ನು ನಿನ್ನೆ ರಾತ್ರಿ ತಂದೆಯವರಿಗೆ ಫೋನಿನಲ್ಲಿ ಓದಿ ಹೇಳಿದೆ. ತಡೆಗೋಡೆಯ ಭಾಗವನ್ನು ಎರಡು ಬಾರಿ ಓದಿಸಿದರು. ಪಹಣಿಯಲ್ಲಿ ದೊಡ್ಡಪ್ಪನವರ ಹೆಸರೂ ಇದೆಯೆಂಬುದು ನನಗೆ ಗೊತ್ತಾದದ್ದು ಆಗಲೇ. ಮನೆಯನ್ನು 950 ಚದರ ಅಡಿಗೆ ಇಳಿಸಿದರೆ ಅದೇ ದರದಲ್ಲಿ 19,95,000 ಆಗುತ್ತದೆ, ಉಳಿದ ಹತ್ತು ಲಕ್ಷವನ್ನು ಪಿಲ್ಲರು, ಚರಂಡಿ, ಮಾಡು, ವಿದ್ಯುತ್ತಿಗೆ ಮೀಸಲಿಡುವುದೆಂದು ಸದ್ಯಕ್ಕೆ ತೀರ್ಮಾನಿಸಿದ್ದೇವೆ. ಕಾಗದಪತ್ರಗಳು ಈ ಬೇಸಿಗೆಯೊಳಗೆ ಮುಗಿಯುವಂತೆ ಕಾಣುವುದಿಲ್ಲವಾದ್ದರಿಂದ ಕೆಲಸ ಮುಂದಿನ ಅಕ್ಟೋಬರ್‌ಗೆ ಹೋಗುತ್ತದೆ. ಟೀಚರ್, ತಾರಸಿ ಹಾಕಿದ ಮೇಲೂ ಟ್ರಸ್ ಅಗತ್ಯವೇ? ಅದನ್ನು ಬಿಟ್ಟರೆ ಎರಡು ಲಕ್ಷಕ್ಕೂ ಹೆಚ್ಚು ಉಳಿಯುತ್ತದಲ್ಲವೇ?

ನಿವೃತ್ತ ಶಿಕ್ಷಕಿ, ಮಡಿಕೇರಿ

ಬಿಡಬೇಡಿ. ನಮ್ಮ ಮಳೆ ನಾಲ್ಕು ತಿಂಗಳು ಬಯಲು ತಾರಸಿಯ ಮೇಲೆ ನಿಂತರೆ ಮೂರನೆಯ ವರ್ಷಕ್ಕೆ ಒಳಗಿನ ಚಾವಣಿಯಲ್ಲಿ ತೇವ ಕಾಣಿಸುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಬೇಕಿದ್ದರೆ ತಾರಸಿಯನ್ನು ಅಡುಗೆಮನೆ ಮತ್ತು ಕೋಣೆಗಳಿಗಷ್ಟೇ ಹಾಕಿ, ಹಜಾರಕ್ಕೆ ನೇರವಾಗಿ ಹಂಚಿನ ಮಾಡು ಕೊಟ್ಟು ಖರ್ಚು ಇಳಿಸಬಹುದು. ಮಾಡಿನ ಸೂರು ಗೋಡೆಯಿಂದ ಮೂರು ಅಡಿಯಾದರೂ ಹೊರಕ್ಕೆ ಚಾಚಿರಲಿ, ಏಕೆಂದರೆ ನಮ್ಮಲ್ಲಿ ಮಳೆ ನೇರವಾಗಿ ಬೀಳುವುದಿಲ್ಲ, ಗಾಳಿಯೊಡನೆ ಅಡ್ಡ ಬಂದು ಗೋಡೆಗೆ ಹೊಡೆಯುತ್ತದೆ.

ಕೆಲಸ ಅಕ್ಟೋಬರ್‌ಗೆ ಹೋದದ್ದರಿಂದ ಒಂದು ಮಳೆಗಾಲ ನಿಮಗೆ ನೋಡಲು ಸಿಕ್ಕಿದೆ. ಜುಲೈಯಲ್ಲಿ ಒಂದು ವಾರ ರಜೆ ಹಾಕಿ ಊರಿಗೆ ಬನ್ನಿ. ತಂದೆಯವರೊಡನೆ ಆ ಹತ್ತು ಸೆಂಟನ್ನು ಮಳೆಯಲ್ಲೇ ಸುತ್ತಿ, ರಸ್ತೆಯ ನೀರು ಎಲ್ಲಿಂದ ನುಗ್ಗುತ್ತದೆ, ಯಾವ ಮೂಲೆಯಲ್ಲಿ ಜಲ ಏಳುತ್ತದೆ ಎಂದು ನೋಡಿ, ಅಲ್ಲೆಲ್ಲ ಗೂಟ ಹೊಡೆದು ಗುರುತು ಮಾಡಿ. ಎಂಜಿನಿಯರ್ ಬಂದಾಗ ಮೊದಲು ಆ ಗೂಟಗಳನ್ನು ತೋರಿಸಿ.