ಅಪ್‌ಡೇಟ್: ಬ್ರ್ಯಾಕೆಟ್ ಜಾಗ ಬದಲಿಸಿದ್ರ ಮೈನಸ್ ಎಲ್ಲಿಂದ ಬರ್ತದ? ಬಗೆಹರೀತು

ಹೋದ ವಾರ ಕಲಬುರಗಿಯಿಂದ ಕೇಳಿದ್ದೆ: ಸಾಲುಗಳು (1, ಎ, ಎ²), (1, ಬಿ, ಬಿ²), (1, ಸಿ, ಸಿ²) ಇರೋ ನಿರ್ಧಾರಕ (ಡಿಟರ್ಮಿನೆಂಟ್, ಅಂದ್ರ ಚೌಕದಾಗ ಬರೆದ ಪದಗಳಿಂದ ಲೆಕ್ಕ ಹಾಕಿ ತೆಗೆಯೋ ಒಂದೇ ಬೆಲೆ). ನನಗ ಬಂದದ್ದು (ಬಿ−ಎ)(ಸಿ−ಎ)(ಸಿ−ಬಿ), ಪುಸ್ತಕದಾಗ (ಎ−ಬಿ)(ಬಿ−ಸಿ)(ಸಿ−ಎ). ಎರಡೂ ಒಂದೇ ಏನ್ರಿ ಅಂತ.

ಒಂದೇ ಅವ. ಕೆಲಸಕ್ಕ ಬಂದದ್ದು "ತಿರುವಿದ ಬ್ರ್ಯಾಕೆಟ್ ಎಣಿಸ್ರಿ" ಅಂದ ಬೀದರಿನವರ ಸಲಹೆ. ಬ್ರ್ಯಾಕೆಟ್ ಹಿಂದ ಮುಂದ ಸರಿಸಿದ್ರ ಏನೂ ಆಗಂಗಿಲ್ಲ. ಒಳಗಿನ ಎರಡು ಪದ ಅದಲಿ ಬದಲಿ ಮಾಡಿದ್ರ ಮಾತ್ರ ಒಂದು ಮೈನಸ್ ಹೊರಗ ಬರ್ತದ: (ಬಿ−ಎ) = −(ಎ−ಬಿ), (ಸಿ−ಬಿ) = −(ಬಿ−ಸಿ). ಎರಡು ಮೈನಸ್ ಗುಣಿಸಿ ಪ್ಲಸ್. ಉಳಿದ (ಸಿ−ಎ) ಮುಟ್ಟೇ ಇಲ್ಲ.

"ಗುಣಾಕಾರ ಪರಿವರ್ತನೀಯ (ಯಾವ ಕ್ರಮದಾಗ ಗುಣಿಸಿದ್ರೂ ಉತ್ತರ ಒಂದೇ), ಚಿಂತಿ ಬ್ಯಾಡ" ಅನ್ನೋ ಉತ್ತರ ಅರ್ಧ ಮಾತು. ಚಿಹ್ನೆಯ ಸುದ್ದೀನೇ ಇಲ್ಲ ಅದರಾಗ. ಪೂರ್ತಿ ಬಿಡಿಸಿ ನೋಡಿದ್ರೂ ಆಗ್ತದ, ಖರೇ, ಆದ್ರ ಎಂಟು ಪದ ಬಂದು ಎರಡು ಹೊಡೆದು ಆರು ಉಳೀತಾವ. ಪರೀಕ್ಷಾದಾಗ ಯಾರಿಗೆ ಟೈಮ್?

ಗೊತ್ತಿರದ ಒಂದು ಸಂಗತಿ: ಎ=ಬಿ ಹಾಕಿ ತಾಳೆ ನೋಡಬಾರದು, ಎರಡೂ ಕಡೆ ಸೊನ್ನೆ ಬಂದು ತಪ್ಪು ಮುಚ್ಚಿಹೋಗ್ತದ. ಎ=0, ಬಿ=1, ಸಿ=2 ಹಾಕ್ರಿ: ಎರಡಕ್ಕೂ 2 ಬರ್ತದ. (ಎ−ಬಿ)(ಬಿ−ಸಿ)(ಎ−ಸಿ) ಅಂತ ಬರೆದಿದ್ರ −2, ಅಲ್ಲೇ ಸಿಕ್ಕಿಬೀಳ್ತದ.