ಸ್ನಾನದ ಹೊತ್ತಿನಲ್ಲಿ ಹೊಡೆಯುವ ಅಜ್ಜಿಯನ್ನು ಕಟ್ಟಿಹಾಕದೆ ಸಮಾಧಾನಪಡಿಸುವುದು ಹೇಗೆ?

ಪ್ರಶ್ನೆ: ಶುಶ್ರೂಷಕಿ, ಮೈಸೂರು

ಡಿಮೆನ್ಷಿಯಾ (ನೆನಪು, ವಿವೇಚನೆ ಕುಂದುತ್ತ ಹೋಗುವ ಕಾಯಿಲೆ) ಇರುವ ಹಿರಿಯರನ್ನು ನೋಡಿಕೊಳ್ಳುವ ಒಂದು ಆರೈಕೆ ಕೇಂದ್ರದಲ್ಲಿ ನಾನು ಶುಶ್ರೂಷಕಿಯಾಗಿದ್ದೇನೆ. ನಮ್ಮಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಇಷ್ಟು ದಿನ ಶಾಂತವಾಗಿಯೇ ಇದ್ದ ಅವರು ಕಳೆದ ವಾರದಿಂದ ಸ್ನಾನದ ಕೋಣೆಗೆ ಕರೆದೊಯ್ದ ಕೂಡಲೇ ಕಿರುಚುತ್ತಾರೆ, ಪರಚುತ್ತಾರೆ. ಮೊನ್ನೆ ಒಬ್ಬ ಸಹಾಯಕಿಯ ಮಣಿಕಟ್ಟನ್ನು ಕಚ್ಚಿದರು. ಸಂಜೆ ಐದರ ಹೊತ್ತಿಗೆ "ಹಾಲು ಕರೆಯುವ ಹೊತ್ತಾಯಿತು, ಕರು ಕೂಗುತ್ತಿದೆ, ಬಿಡಿ ನನ್ನನ್ನು" ಎಂದು ಗೇಟಿನತ್ತ ಹೊರಡುತ್ತಾರೆ, ಅಡ್ಡ ನಿಂತವರ ಮೇಲೆ ಊರುಗೋಲು ಎತ್ತುತ್ತಾರೆ. ಮನೆಯವರು ನಿದ್ರೆ ಮಾತ್ರೆ ಕೊಡಿಸಿ ಎನ್ನುತ್ತಿದ್ದಾರೆ. ಸ್ನಾನ ಮುಗಿಯುವವರೆಗೆ ಮೆತ್ತನೆಯ ಬಟ್ಟೆಯಿಂದ ಕೈಗಳನ್ನು ಕುರ್ಚಿಗೆ ಕಟ್ಟಿದರೆ ಯಾರಿಗೂ ಪೆಟ್ಟಾಗುವುದಿಲ್ಲ ಎಂಬ ಸಲಹೆ ಸಿಬ್ಬಂದಿಯಿಂದಲೇ ಬಂದಿದೆ. ಅದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಹಾಗೆಂದು ಜೊತೆಯವರು ದಿನವೂ ಪೆಟ್ಟು ತಿನ್ನಲಿ ಎಂದೂ ಹೇಳಲಾರೆ. ಆ ಕ್ಷಣದಲ್ಲಿ ಎಲ್ಲಿ ನಿಲ್ಲಬೇಕು, ಏನು ಮಾತನಾಡಬೇಕು, ಕಟ್ಟುವ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ವೃದ್ಧರೋಗ ವೈದ್ಯರು, ಹುಬ್ಬಳ್ಳಿ

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು "ಕಳೆದ ವಾರದಿಂದ" ಎಂಬಲ್ಲಿ. ಡಿಮೆನ್ಷಿಯಾ ತಿಂಗಳು, ವರ್ಷಗಳ ಲೆಕ್ಕದಲ್ಲಿ ಮುಂದುವರಿಯುವ ಕಾಯಿಲೆ. ಕೆಲವೇ ದಿನಗಳಲ್ಲಿ ಸ್ವಭಾವ ಬದಲಾಗಿದ್ದರೆ ಅದರ ಮೇಲೆ ಡೆಲಿರಿಯಂ, ಅಂದರೆ ದೇಹದ ಬೇರಾವುದೋ ತೊಂದರೆಯಿಂದ ಹುಟ್ಟಿದ ಹಠಾತ್ ಗೊಂದಲ, ಸೇರಿಕೊಂಡಿದೆ ಎಂದೇ ಮೊದಲು ಅನುಮಾನಿಸಬೇಕು. ಜ್ವರ, ಮೂತ್ರದ ಸೋಂಕು, ಮಲಬದ್ಧತೆ, ಮೂತ್ರ ಕಟ್ಟಿಕೊಂಡಿರುವುದು, ನೀರು ಸಾಲದಿರುವುದು, ಇತ್ತೀಚೆಗೆ ಆರಂಭಿಸಿದ ಯಾವುದಾದರೂ ಔಷಧ ಇವೆಲ್ಲವನ್ನೂ ವೈದ್ಯರಿಂದ ಇಂದೇ ಪರೀಕ್ಷಿಸಿ. ಶೀತಕ್ಕೆಂದು ಕೊಡುವ ಕೆಲವು ಮಾತ್ರೆಗಳು ಕೂಡ ಈ ವಯಸ್ಸಿನವರ ಗೊಂದಲವನ್ನು ಹೆಚ್ಚಿಸುತ್ತವೆ.

ನೋವಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಾವು ಅತಿ ಹೆಚ್ಚು ಕಡೆಗಣಿಸುವುದು ಇದನ್ನೇ. ಮೊಣಕಾಲು ಅಥವಾ ಭುಜ ನೋಯುತ್ತಿದೆ ಎಂದು ಹೇಳಲು ಬಾರದವರು, ರವಿಕೆ ಬಿಚ್ಚಲು ಆ ತೋಳನ್ನು ಎತ್ತಿದಾಗ ಹೊಡೆಯುತ್ತಾರೆ. 2011ರಲ್ಲಿ ನಾರ್ವೆಯ ಆರೈಕೆ ಕೇಂದ್ರಗಳಲ್ಲಿ ಡಿಮೆನ್ಷಿಯಾ ಇದ್ದ 352 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ಹಂತಹಂತವಾಗಿ ನೋವಿಗೆ ಚಿಕಿತ್ಸೆ ಕೊಟ್ಟ ಗುಂಪಿನವರ ಕೆರಳುವಿಕೆ ಎಂಟು ವಾರಗಳಲ್ಲಿ ಸ್ಪಷ್ಟವಾಗಿ ತಗ್ಗಿತು. ಅವರಲ್ಲಿ ಬಹಳ ಮಂದಿಗೆ ಕೊಟ್ಟದ್ದು ಬರಿಯ ಪ್ಯಾರಸಿಟಮಾಲ್. ಉಸಿರಾಟ, ನರಳುವ ಸದ್ದು, ಮುಖದ ಗಂಟು, ಮೈಯ ಬಿಗಿತ, ಸಮಾಧಾನಪಡಿಸಿದರೆ ಒಪ್ಪುತ್ತಾರೆಯೇ ಎಂಬುದು, ಈ ಐದನ್ನು ನೋಡಿ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವ ಪೇನ್‌ಆಡ್ ಎಂಬ ಅಳತೆಪಟ್ಟಿಯಿದೆ. ಅದನ್ನು ವಿಶ್ರಾಂತಿಯಲ್ಲಿ ಒಮ್ಮೆ, ಬಟ್ಟೆ ಬದಲಿಸುವಾಗ ಒಮ್ಮೆ ತುಂಬಿ ನೋಡಿ.

ಮನೆಯವರಿಗೆ ಇದನ್ನೂ ತಿಳಿಸಿ: ನಿದ್ರೆ ಮಾತ್ರೆಗಳಿಂದ ಬೀಳುವ ಅಪಾಯ ಹೆಚ್ಚುತ್ತದೆ, ಕೆಲವರಲ್ಲಿ ಗೊಂದಲವೂ ಹೆಚ್ಚುತ್ತದೆ. ತೀವ್ರ ಮನೋರೋಗಕ್ಕೆ ಬಳಸುವ ಆಂಟಿಸೈಕೋಟಿಕ್ ಔಷಧಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಸಂಭವವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಅವು ಎಂದೂ ಬೇಡವೆಂದಲ್ಲ. ಕಾರಣವನ್ನು ಹುಡುಕಿದ ಮೇಲೆ, ಅಪಾಯ ನಿಜವಾಗಿಯೂ ಉಳಿದಿದ್ದರೆ, ಕಡಿಮೆ ಪ್ರಮಾಣದಲ್ಲಿ, ನಿಲ್ಲಿಸುವ ದಿನವನ್ನು ಮೊದಲೇ ಗೊತ್ತುಮಾಡಿಕೊಂಡು ಕೊಡಬೇಕಾದ ಔಷಧಗಳಿವು.

ಉತ್ತರ 2: ಮನೋರೋಗ ವಿಭಾಗದ ಹಿರಿಯ ಶುಶ್ರೂಷಕ, ಬೆಂಗಳೂರು

ವೈದ್ಯರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆ ಕ್ಷಣದಲ್ಲಿ ಏನು ಮಾಡಬೇಕೆಂಬುದನ್ನು ನಾನು ಹೇಳುತ್ತೇನೆ.

ಕೈ ಎತ್ತುವ ಮೊದಲು ಮೈ ಸೂಚನೆ ಕೊಡುತ್ತದೆ. ಸೆರಗನ್ನು ಬಿಗಿಯಾಗಿ ಹಿಡಿದುಕೊಳ್ಳುವುದು, ಹೇಳಿದ್ದನ್ನೇ ಏರುದನಿಯಲ್ಲಿ ಹೇಳುವುದು, ಕಣ್ಣು ಬಾಗಿಲ ಕಡೆಗೆ ಹೋಗಿ ಬರುವುದು ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ಸ್ನಾನ ಅರ್ಧ ಗಂಟೆ ತಡವಾದರೆ ಏನೂ ಕೆಡುವುದಿಲ್ಲ. ಎರಡು ತೋಳಿನಷ್ಟು ಅಂತರದಲ್ಲಿ, ಎದುರಿಗೆ ನೇರವಾಗಿ ನಿಲ್ಲದೆ ಸ್ವಲ್ಪ ಓರೆಯಾಗಿ, ಕೈಗಳು ಅವರಿಗೆ ಕಾಣುವಂತೆ ನಿಲ್ಲಿ. ಅವರು ಕುಳಿತಿದ್ದರೆ ನೀವೂ ಒಂದು ಸ್ಟೂಲ್ ಎಳೆದುಕೊಂಡು ಕುಳಿತುಕೊಳ್ಳಿ. ಬಾಗಿಲಿಗೆ ಅಡ್ಡವಾಗಬೇಡಿ, ಅವರಿಗೂ ನಿಮಗೂ ಹೊರಹೋಗುವ ದಾರಿ ತೆರೆದಿರಬೇಕು. ಮಾತನಾಡುವವರು ಒಬ್ಬರೇ ಇರಲಿ, ಉಳಿದವರು ಅವರ ಕಣ್ಣಳತೆಯಿಂದ ಸರಿಯಲಿ, ಟಿವಿ ಆರಿಸಲಿ. ನಾಲ್ವರು ಸುತ್ತುವರಿದು "ಸುಮ್ಮನಿರಿ ಅಜ್ಜಿ, ಸುಮ್ಮನಿರಿ" ಎಂದು ಒಟ್ಟಿಗೆ ಹೇಳಿದರೆ ಎಂಥವರಿಗೂ ಭಯವಾಗುತ್ತದೆ. ತಗ್ಗಿದ ದನಿಯಲ್ಲಿ, ಒಂದು ಸಲಕ್ಕೆ ಒಂದೇ ಚಿಕ್ಕ ಮಾತು ಹೇಳಿ, ಉತ್ತರಕ್ಕೆ ಕಾಯಿರಿ. ಆ ಕಾಯುವಿಕೆ ನಮಗೆ ದೀರ್ಘವೆನಿಸಿದರೂ ಮಾತು ಅವರ ಮನಸ್ಸಿಗೆ ತಲುಪಲು ಅಷ್ಟು ಹೊತ್ತು ಬೇಕು.

ಮುಂಗೈ ಹಿಡಿದುಕೊಂಡರೆ ಜಗ್ಗಬೇಡಿ. ಅವರ ಹೆಬ್ಬೆರಳಿರುವ ದಿಕ್ಕಿಗೆ ನಿಮ್ಮ ಕೈಯನ್ನು ನಿಧಾನವಾಗಿ ತಿರುಗಿಸಿದರೆ ಹಿಡಿತ ಸಡಿಲವಾಗುತ್ತದೆ. ಜಡೆ ಹಿಡಿದರೆ ಅವರ ಕೈಯನ್ನು ನಿಮ್ಮ ತಲೆಗೇ ಒತ್ತಿ ಹಿಡಿದು ನೆರವು ಕರೆಯಿರಿ; ಆಗ ಕೂದಲು ಕೀಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಯಾರನ್ನೂ ಬೋರಲು ಮಲಗಿಸಿ ಬೆನ್ನಿನ ಮೇಲೆ ಭಾರ ಹಾಕಬಾರದು. ಹಾಗೆ ಹಿಡಿದಾಗ ಉಸಿರು ಕಟ್ಟಿ ಪ್ರಾಣವೇ ಹೋಗಬಹುದು. ಇವನ್ನೆಲ್ಲ ಓದಿ ಕಲಿಯಲಾಗದು. ತರಬೇತಿ ಪಡೆದವರನ್ನು ಕರೆಸಿ, ರಾತ್ರಿ ಪಾಳಿಯವರನ್ನೂ ಸೇರಿಸಿ ಅಭ್ಯಾಸ ಮಾಡಿಸುವಂತೆ ಆಡಳಿತದವರನ್ನು ಒತ್ತಾಯಿಸಿ. ಕಚ್ಚಿಸಿಕೊಂಡ ಸಹಾಯಕಿಯ ಗಾಯವನ್ನು ವೈದ್ಯರಿಗೆ ತೋರಿಸಿದ್ದೀರಾ? ಅವರೊಡನೆ ಒಂದಷ್ಟು ಹೊತ್ತು ಕುಳಿತು ಮಾತನಾಡಿದ್ದೀರಾ? ಅದೂ ಈ ಆರೈಕೆಯ ಭಾಗವೇ.

ಉತ್ತರ 3: ತಾಯಿಯನ್ನು ಮನೆಯಲ್ಲೇ ನೋಡಿಕೊಂಡವರು, ಶಿವಮೊಗ್ಗ

ಸ್ನಾನವನ್ನು ಒಮ್ಮೆ ಅಜ್ಜಿಯ ಕಡೆಯಿಂದ ನೋಡಿ. ಗುರುತಿಲ್ಲದ ಯಾರೋ ಹಿಂದಿನಿಂದ ಬಂದು ಸೀರೆ ಬಿಚ್ಚುತ್ತಾರೆ, ತಣ್ಣನೆಯ ನೆಲದ ಮೇಲೆ ನಿಲ್ಲಿಸುತ್ತಾರೆ, ಹೇಳದೆ ಕೇಳದೆ ತಲೆಯ ಮೇಲೆ ಚೊಂಬಿನಿಂದ ನೀರು ಸುರಿಯುತ್ತಾರೆ. ನಮ್ಮ ತಾಯಿಗೆ ನಾವು ದೊಡ್ಡ ಟವೆಲ್ ಹೊದಿಸಿ, ಅದರೊಳಗೇ ಸೀರೆ ತೆಗೆದು, ಬಿಸಿನೀರನ್ನು ಮೊದಲು ಅವರ ಬೆರಳಿಗೆ ತಾಗಿಸಿ, ಪಾದದಿಂದ ತೊಳೆಯುತ್ತ ಮೇಲೆ ಬರುತ್ತಿದ್ದೆವು. ಚೊಂಬು ಅವರ ಕೈಯಲ್ಲೇ ಇರುತ್ತಿತ್ತು. ತಲೆಸ್ನಾನ ಬೇರೆ ದಿನ. ಒಪ್ಪದ ದಿನ ಹಾಸಿಗೆಯ ಮೇಲೆಯೇ ಬೆಚ್ಚನೆಯ ಒದ್ದೆ ಟವೆಲಿನಿಂದ ಒರೆಸುತ್ತಿದ್ದೆವು. ಇಂಥ ಟವೆಲ್ ಸ್ನಾನದಿಂದ ಹೊಡೆತ, ಬೈಗುಳ ಬಹಳಷ್ಟು ಕಡಿಮೆಯಾಗುತ್ತವೆ ಎಂಬುದು ಅಮೆರಿಕದ ಆರೈಕೆ ಕೇಂದ್ರಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಕಂಡುಬಂದಿದೆ.

ಸಂಜೆಯ ಹಸುವಿನ ವಿಷಯದಲ್ಲಿ "ಹಸು ಇಲ್ಲ, ಮಾರಿ ಎಷ್ಟೋ ವರ್ಷವಾಯಿತು" ಎಂದು ವಾದಿಸಬೇಡಿ, ಸುಳ್ಳು ಕಟ್ಟುವ ಅಗತ್ಯವೂ ಇಲ್ಲ. "ಕರು ಹಸಿದಿದೆಯೆಂದು ಚಿಂತೆಯೇ? ಹಸುವಿನ ಹೆಸರೇನು?" ಎಂದು ಕೇಳುತ್ತ ಅವರ ಜೊತೆಗೇ ಅಂಗಳದಲ್ಲಿ ನಡೆಯಿರಿ. ಐದಕ್ಕೆ ಮೊದಲೇ ದೀಪ ಹಾಕಿ, ಕಾಫಿ ಕೊಟ್ಟು, ಸೊಪ್ಪು ಬಿಡಿಸುವಂಥ ಒಂದು ಕೆಲಸವನ್ನು ಅವರ ಕೈಗೆ ಕೊಟ್ಟು ನೋಡಿ. ಆ ಹೊತ್ತಿನಲ್ಲಿ ಅವರ ಜೀವಮಾನವಿಡೀ ಕೆಲಸವಿದ್ದದ್ದು. ಈಗ ಕೈ ಖಾಲಿಯಾಗಿದೆ.

ಉತ್ತರ 4: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಧಾರವಾಡ

ಕಾನೂನಿನ ಬಗ್ಗೆ ಕೇಳಿದ್ದೀರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಮಿನ ಪ್ರಕಾರ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ದೈಹಿಕ ನಿರ್ಬಂಧಕ್ಕೆ ಅವಕಾಶವಿರುವುದು, ತಕ್ಷಣದ ಹಾನಿಯನ್ನು ತಡೆಯಲು ಬೇರೆ ದಾರಿಯೇ ಇಲ್ಲದಿದ್ದಾಗ, ಹೊಣೆ ಹೊತ್ತ ಮನೋವೈದ್ಯರ ಅನುಮತಿಯಿಂದ, ಎಷ್ಟು ಅಗತ್ಯವೋ ಅಷ್ಟೇ ಹೊತ್ತು ಮಾತ್ರ. ಅದನ್ನು ಶಿಕ್ಷೆಯಾಗಿ ಬಳಸುವಂತಿಲ್ಲ. ಸಿಬ್ಬಂದಿ ಸಾಲದೆಂಬ ಕಾರಣಕ್ಕೂ ಬಳಸುವಂತಿಲ್ಲ. ಕಾರಣ, ವಿಧಾನ, ಅವಧಿ ಎಲ್ಲವೂ ವೈದ್ಯಕೀಯ ದಾಖಲೆಯಲ್ಲಿರಬೇಕು. ಸಂಕೋಲೆಯಂತೂ ಸಂಪೂರ್ಣ ನಿಷಿದ್ಧ. ನಿಮ್ಮ ಕೇಂದ್ರ ಈ ಕಾಯ್ದೆಯಡಿ ನೋಂದಣಿಯಾಗಿಲ್ಲ ಎಂದಿಟ್ಟುಕೊಳ್ಳೋಣ. ಆಗ ಕಟ್ಟಲು ಅನುಮತಿ ಕೊಡಬಲ್ಲ ಮನೋವೈದ್ಯರೇ ಅಲ್ಲಿಲ್ಲವೆಂದಾಗುತ್ತದೆ, ಕಟ್ಟಲು ಹೆಚ್ಚು ಸ್ವಾತಂತ್ರ್ಯವಿದೆ ಎಂದಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಒಂದು ಖಾಸಗಿ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ತಪ್ಪಿಸಿಕೊಳ್ಳಲಾಗದೆ ಸತ್ತರು. ಬಟ್ಟೆ ಮೆತ್ತಗಿದ್ದರೂ ಕಟ್ಟಿಸಿಕೊಂಡವರು ಕುರ್ಚಿಯ ಸಮೇತ ಉರುಳುತ್ತಾರೆ, ಕೊಸರಾಡಿ ಚರ್ಮ ಹರಿದುಕೊಳ್ಳುತ್ತಾರೆ. ಸ್ನಾನ ಮಾಡಿಸುವುದು ತುರ್ತು ಪರಿಸ್ಥಿತಿಯಲ್ಲ; ಅದಕ್ಕಾಗಿ ಕಟ್ಟುವುದನ್ನು ಯಾವ ದೃಷ್ಟಿಯಿಂದಲೂ ಸಮರ್ಥಿಸಲಾಗದು.

ಮರುಪ್ರಶ್ನೆ: ಶುಶ್ರೂಷಕಿ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ದಾಖಲೆ ನೋಡಿದಾಗ ಅಜ್ಜಿಗೆ ಹಲವು ದಿನಗಳಿಂದ ಸರಿಯಾಗಿ ಮಲವಿಸರ್ಜನೆಯೇ ಆಗಿಲ್ಲವೆಂದು ತಿಳಿಯಿತು. ವೈದ್ಯರು ನಾಳೆ ಬೆಳಿಗ್ಗೆ ಬರುತ್ತಾರೆ. ಸಹಾಯಕಿಗೆ ಚಿಕಿತ್ಸೆ ಕೊಡಿಸಿದ್ದೇವೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವಾಗ ಅಜ್ಜಿ ಕೋಲು ಎತ್ತಿದರೆ ಏನು ಮಾಡಬೇಕು?

ಉತ್ತರ 2ರವರಿಂದ

ಕೋಲನ್ನು ಕಸಿದುಕೊಳ್ಳಬೇಡಿ. ಕೋಲು ತಲುಪದಷ್ಟು ಹಿಂದೆ ಸರಿದು, ಅವರು ಬೀಳದಂತೆ ಕಣ್ಣಿಟ್ಟು, ಉಳಿದ ನಿವಾಸಿಗಳ ಕೋಣೆಯ ಬಾಗಿಲು ಮುಂದಕ್ಕೆ ಮಾಡಿ, ಫೋನ್ ಮಾಡಿ ನೆರವು ಕರೆಯಿರಿ. ಯಾರನ್ನು ಕರೆಯಬೇಕು, ಅವರು ಎಷ್ಟು ನಿಮಿಷದಲ್ಲಿ ಬರಬಲ್ಲರು ಎಂಬುದು ಇಂದೇ ಗೋಡೆಯ ಮೇಲೆ ಬರೆದಿರಬೇಕು. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮನಸ್ ಸಂಖ್ಯೆ 14416 ದಿನದ ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ರಾತ್ರಿ ಏನು ನಡೆಯಿತು, ಅದಕ್ಕೆ ಮೊದಲು ಏನಿತ್ತು, ಯಾವುದರಿಂದ ಅವರು ಸಮಾಧಾನಗೊಂಡರು ಎಂಬುದನ್ನು ಬರೆದಿಟ್ಟರೆ ನಾಳೆ ಬರುವ ವೈದ್ಯರಿಗೆ ಅದೇ ಮೊದಲ ಮಾಹಿತಿಯಾಗುತ್ತದೆ.