ಹಳೆಯ ಪಿಎಸ್4 ಅನ್ನು ಮನೆ ಸರ್ವರ್ ಮಾಡಬಹುದಾ?

ಪ್ರಶ್ನೆ:
ನಮಸ್ಕಾರ ಸರ್. ನನ್ನ ಹತ್ತಿರ ಸೋನಿಯ ಗೇಮ್ ಕನ್ಸೋಲ್ ಪಿಎಸ್4 (ಪ್ಲೇಸ್ಟೇಷನ್ 4), ಮೊದಲ ಮಾದರಿಯದು, ಇದೆ. ಅದರಲ್ಲಿ ಆಟ ಆಡಿ ಮೂರು ವರ್ಷವಾಯಿತು. ಎಂಟು ಕೋರ್, 8 ಜಿಬಿ ಮೆಮೊರಿ, 500 ಜಿಬಿ ಡಿಸ್ಕ್, ಲ್ಯಾನ್ ಪೋರ್ಟ್ ಎಲ್ಲಾ ಇದೆ. ಸುಮ್ನೆ ಧೂಳು ತಿನ್ನುತ್ತಿದೆ. ಲಿನಕ್ಸ್ (ವಿಂಡೋಸ್ ಬದಲು ಹಾಕುವ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿ, ಮನೆಯವರ ಫೋಟೊ ಬ್ಯಾಕಪ್‌ಗೆ ಮತ್ತು ಸಿನಿಮಾ ಇಡುವುದಕ್ಕೆ ಸರ್ವರ್ ಮಾಡೋಣ ಅಂದುಕೊಂಡಿದ್ದೇನೆ. ಹೊಸದಾಗಿ ದುಡ್ಡು ಹಾಕುವ ಮನಸ್ಸಿಲ್ಲ. ಸಿಸ್ಟಮ್ ಸಾಫ್ಟ್‌ವೇರ್ 11.00 ಅಂತ ತೋರಿಸುತ್ತದೆ. ಆಗುತ್ತದಾ?

ಉತ್ತರ:
ಆಗುತ್ತದೆ. ಆದರೆ ನಾನಾಗಿದ್ದರೆ ಮಾಡುವುದಿಲ್ಲ. ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ. ಆ ಕಣ್ಣಿನಿಂದಲೇ ಹೇಳುತ್ತೇನೆ.

ಲಿನಕ್ಸ್ ಓಡುವುದು ಕಷ್ಟವಲ್ಲ. ಒಳಗಿರುವುದು ಎಎಮ್‌ಡಿ ಪ್ರೊಸೆಸರ್, ಪಿಸಿಗಳ ಜಾತಿಯದೇ. ಕಷ್ಟ ಇರುವುದು ಒಳಗೆ ಹೋಗುವ ದಾರಿಯಲ್ಲಿ. ಸೋನಿ ಇದಕ್ಕೆ ಬಾಗಿಲು ಇಟ್ಟಿಲ್ಲ, ಸಾಫ್ಟ್‌ವೇರ್‌ನ ದೋಷ ಅನ್ನುವ ಕಿಂಡಿ ಹುಡುಕಿಯೇ ನುಗ್ಗಬೇಕು. 11.00ಕ್ಕೆ 2024ರಲ್ಲಿ ಪಿಪಿಪೌನ್ ಅನ್ನುವ ದಾರಿ ಸಿಕ್ಕಿತು. ಲ್ಯಾನ್ ಕೇಬಲ್‌ನ ಇನ್ನೊಂದು ತುದಿಯಲ್ಲಿ ಒಂದು ಸಾಧನ ಕೂತು ಕನ್ಸೋಲ್‌ಗೆ ಮೋಸ ಮಾಡಬೇಕು. ಆ ಮೋಸ ನಿಲ್ಲುವುದು ಮೆಮೊರಿಯಲ್ಲಿ ಮಾತ್ರ. ಕರೆಂಟ್ ಹೋಗಿ ಬಂತು ಅಂದರೆ ಮತ್ತೆ ಮೊದಲಿನಿಂದ. ನೀವು ಊರಲ್ಲಿಲ್ಲದಾಗ ಕರೆಂಟ್ ಹೋದರೆ ಸರ್ವರ್ ಎದ್ದೇಳುವುದಿಲ್ಲ, ಅಷ್ಟೇ.

ಇದಕ್ಕೂ ಕೆಲವರು ಉಪಾಯ ಮಾಡಿದ್ದಾರೆ. ಪಕ್ಕದಲ್ಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಇಟ್ಟು, ಪ್ರತಿ ಸಲ ಅದೇ ತಾನಾಗಿ ಕಿಂಡಿ ತೆರೆಯುವ ಹಾಗೆ ಕೂರಿಸುತ್ತಾರೆ. ಅಲ್ಲಾ ಸ್ವಾಮಿ, ಆ ಪೈ ಒಂದೇ ಸಾಕಿತ್ತಲ್ಲ ಸರ್ವರ್‌ಗೆ!

ಇನ್ನು ಕರೆಂಟ್ ಲೆಕ್ಕ. ಮೊದಲ ಮಾದರಿಯ ಪಿಎಸ್4 ಸುಮ್ನೆ ಕೂತಿದ್ದರೂ 80 ವ್ಯಾಟ್ ಆಸುಪಾಸು ಎಳೆಯುತ್ತದೆ. ದಿನವಿಡೀ ಓಡಿದರೆ ವರ್ಷಕ್ಕೆ ಸುಮಾರು 700 ಯೂನಿಟ್. ಯಾವ ಸಾಧನಕ್ಕಾದರೂ ಒಂದು ವ್ಯಾಟ್‌ಗೆ ವರ್ಷಕ್ಕೆ 8.76 ಯೂನಿಟ್ ಅಂತ ಗುಣಿಸಿ, ಸರಿಹೋಗುತ್ತದೆ. ನಿಮ್ಮ ಬಿಲ್‌ನ ದರ ಹಾಕಿ ನೋಡಿ. ಪುಕ್ಕಟೆ ಪೆಟ್ಟಿಗೆ ಎಷ್ಟು ದುಬಾರಿ ಅಂತ ಗೊತ್ತಾಗುತ್ತದೆ.

ಇನ್ನೊಂದು ಮಾತು. ಪಿಎಸ್4 ಲಿನಕ್ಸ್‌ನ ಕರ್ನಲ್, ಅಂದರೆ ಅದರ ತಿರುಳು, ಬೇರೆಯೇ ತೇಪೆ ಹಾಕಿದ್ದು. ಉಳಿದ ಪ್ಯಾಕೇಜ್‌ಗಳು ಅಪ್‌ಡೇಟ್ ಆದರೂ ಅದು ಜೊತೆಗೆ ಅಪ್‌ಡೇಟ್ ಆಗುವುದಿಲ್ಲ. ಅಂಥದ್ದನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ.

ಪ್ರಶ್ನೆ (ಅವರೇ):
ಪೈ ಇಲ್ಲ ಸರ್. ಸ್ಕ್ರೀನ್ ಒಡೆದ ಹಳೆಯ ಐ5 ಲ್ಯಾಪ್‌ಟಾಪ್ ಒಂದಿದೆ. ಎರಡೇ ಕೋರ್. ಪಿಎಸ್4ಗಿಂತ ನಿಧಾನ ಅಲ್ವಾ?

ಉತ್ತರ:
ಅದನ್ನು ಮೊದಲೇ ಹೇಳಬಾರದಾ! ಪಿಎಸ್4ನಲ್ಲಿರುವುದು ಜಾಗ್ವಾರ್ ಕೋರ್‌ಗಳು, 1.6 ಗಿಗಾಹರ್ಟ್ಸ್. ಕಡಿಮೆ ಬೆಲೆಯ ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳಿಗೆ ಅಂತ ಮಾಡಿದ್ದ ವಿನ್ಯಾಸ ಅದು. ಆ ಪೆಟ್ಟಿಗೆಯ ಕಸುವೆಲ್ಲ ಗ್ರಾಫಿಕ್ಸ್‌ನಲ್ಲಿದೆ. ಫೋಟೊ ಇಡುವುದಕ್ಕೆ ಅದು ಬೇಕಿಲ್ಲ. ನಿಮ್ಮ ಐ5ನ ಒಂದೊಂದು ಕೋರ್ ಇದಕ್ಕಿಂತ ಚುರುಕು.

ಸರ್ವರ್‌ಗೆ ಸ್ಕ್ರೀನ್ ಯಾಕೆ? ಇನ್‌ಸ್ಟಾಲ್ ಮಾಡುವಾಗ ಟಿವಿಗೆ ಜೋಡಿಸಿ, ಆಮೇಲೆ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರ್‌ನಿಂದ ನೆಟ್‌ವರ್ಕ್ ಮೂಲಕ ಕಮಾಂಡ್ ಕೊಡುವ ದಾರಿ) ಸಾಕು. ಮುಚ್ಚಳ ಮುಚ್ಚಿದರೂ ಮಲಗದ ಹಾಗೆ ಸೆಟ್ಟಿಂಗ್ ಬದಲಿಸಿ, ಇದನ್ನು ಎಲ್ಲರೂ ಮರೆಯುತ್ತಾರೆ. ಸ್ಕ್ರೀನ್ ಆರಿದ್ದರೆ 10-15 ವ್ಯಾಟ್‌ನಲ್ಲಿ ಮುಗಿಯುತ್ತದೆ. ಬ್ಯಾಟರಿಗೆ ಜೀವ ಇದ್ದರೆ ಅದೇ ಯುಪಿಎಸ್. ಉಬ್ಬಿದ್ದರೆ ಮಾತ್ರ ಇವತ್ತೇ ಬಿಚ್ಚಿ ತೆಗೆಯಿರಿ.

ಪಿಎಸ್4ನಿಂದ ನಿಮಗೆ ಬೇಕಾದದ್ದು ಡಿಸ್ಕ್ ಒಂದೇ. 2.5 ಇಂಚಿನ ಸಾಟಾ ಡಿಸ್ಕ್, ಲ್ಯಾಪ್‌ಟಾಪ್‌ನದೂ ಅದೇ ಅಳತೆ. ಮೇಲಿನ ಹೊಳೆಯುವ ಮುಚ್ಚಳವನ್ನು ಪಕ್ಕಕ್ಕೆ ಸರಿಸಿ, ಒಂದು ಸ್ಕ್ರೂ ಬಿಚ್ಚಿದರೆ ಈಚೆ ಬರುತ್ತದೆ. ಅದರಲ್ಲಿರುವುದೆಲ್ಲ ಎನ್‌ಕ್ರಿಪ್ಟ್ ಆಗಿದೆ, ಕಂಪ್ಯೂಟರ್‌ನಲ್ಲಿ ಓದಲಾಗದು, ಫಾರ್ಮ್ಯಾಟ್ ಮಾಡಲೇಬೇಕು. ಆಟದ ಸೇವ್‌ಗಳು ಬೇಕಿದ್ದರೆ ಮೊದಲೇ ಯುಎಸ್‌ಬಿಗೆ ಹಾಕಿಕೊಳ್ಳಿ. ಮುಂದೆ ಮತ್ತೆ ಆಡಬೇಕು ಅನಿಸಿದರೆ ಬೇರೆ ಡಿಸ್ಕ್ ಹಾಕಿ ಸಿಸ್ಟಮ್ ಸಾಫ್ಟ್‌ವೇರ್ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕಾಗುತ್ತದೆ.

ಇನ್ನೊಬ್ಬ ಸದಸ್ಯರು:
ಅಮೆರಿಕದ ವಾಯುಪಡೆಯೇ ಪಿಎಸ್3ಗಳಿಂದ ಸೂಪರ್ ಕಂಪ್ಯೂಟರ್ ಕಟ್ಟಿತ್ತಲ್ಲ ಸರ್? ನನ್ನ ಹತ್ತಿರ ಒಂದಿದೆ.

ಉತ್ತರ:
ಹೌದು, ಕಾಂಡರ್ ಕ್ಲಸ್ಟರ್. 2010ರಲ್ಲಿ 1,700ಕ್ಕೂ ಜಾಸ್ತಿ ಪಿಎಸ್3 ಸೇರಿಸಿ ಕಟ್ಟಿದ್ದು. ಪಿಎಸ್3 ಒಳಗಿನ ಸೆಲ್ ಪ್ರೊಸೆಸರ್ ಲೆಕ್ಕ ಮಾಡುವುದರಲ್ಲಿ ನಿಸ್ಸೀಮ. ಆದರೆ ಮುಖ್ಯ ಮೆಮೊರಿ 256 ಎಮ್‌ಬಿ ಅಷ್ಟೇ. ಆಗ ಲಿನಕ್ಸ್ ಹಾಕುವುದಕ್ಕೆ ಅದರ್ ಓಎಸ್ ಅಂತ ಸೋನಿಯೇ ಕೊಟ್ಟ ಸೌಲಭ್ಯ ಇತ್ತು. 2010ರ ಏಪ್ರಿಲ್ 1ರಂದು 3.21 ಅಪ್‌ಡೇಟ್‌ನಲ್ಲಿ ಅದನ್ನು ಕಿತ್ತು ಹಾಕಿದರು. ಏಪ್ರಿಲ್ ಫೂಲ್ ಅಲ್ಲ, ನಿಜವಾಗಿಯೂ. ನಿಮ್ಮದರಲ್ಲಿ ಆಟ ಆಡಿ.

ಮತ್ತೊಬ್ಬ ಸದಸ್ಯೆ:
ಹಳೆಯ ನಿಂಟೆಂಡೊ ಸ್ವಿಚ್ ಆಗಬಹುದಾ ಸರ್?

ಉತ್ತರ:
ಕನ್ಸೋಲ್‌ಗಳಲ್ಲಿ ನನಗೆ ಸ್ವಲ್ಪ ಆಸೆ ಇರುವುದು ಇದರ ಮೇಲೆಯೇ ಮೇಡಂ. ಶುರುವಿನ ತಂಡದ ಸ್ವಿಚ್‌ಗಳಲ್ಲಿ ಚಿಪ್‌ನ ಬೂಟ್ ರೋಮ್‌ನಲ್ಲೇ (ಆನ್ ಮಾಡಿದ ಕೂಡಲೇ ಓಡುವ, ಬದಲಿಸಲಾಗದ ಕೋಡ್) ದೋಷ ಇದೆ, 2018ರಲ್ಲಿ ಹೊರಬಿತ್ತು. ಅಪ್‌ಡೇಟ್‌ನಿಂದ ಅದನ್ನು ಮುಚ್ಚುವುದಕ್ಕೆ ಆಗುವುದಿಲ್ಲ. ಸೀರಿಯಲ್ ನಂಬರ್ ನೋಡಿದರೆ ನಿಮ್ಮದು ಆ ಪೈಕಿಯದಾ ಅಂತ ತಿಳಿಯುತ್ತದೆ. ಉಬುಂಟು ಲಿನಕ್ಸ್ ಓಡುತ್ತದೆ, 4 ಜಿಬಿ ಮೆಮೊರಿ ಇದೆ, ಕರೆಂಟ್ ಕಡಿಮೆ ತಿನ್ನುತ್ತದೆ, ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಆರುವುದಿಲ್ಲ. ಆದರೆ ಎಲ್ಲವೂ ಮೈಕ್ರೊ ಎಸ್‌ಡಿ ಕಾರ್ಡ್ ಮೇಲೆ. ಹಗಲೂ ರಾತ್ರಿ ಬರೆಯುತ್ತಿದ್ದರೆ ಕಾರ್ಡ್ ಸವೆಯುತ್ತದೆ. ಜಾಹೀರಾತು ತಡೆಯುವ ಪೈ-ಹೋಲ್‌ನಂಥ ಸಣ್ಣ ಕೆಲಸಕ್ಕೆ ಸರಿ, ಫೋಟೊ ಇಡುವುದಕ್ಕೆ ಬೇಡ. ನಿಂಟೆಂಡೊ ಕಣ್ಣಿಗೆ ಬಿದ್ದರೆ ಆನ್‌ಲೈನ್ ಆಟ ಬಂದ್, ಅದನ್ನೂ ನೆನಪಿಡಿ.

ಮೊದಲು ಕೇಳಿದವರು:
ಸರ್, ಡಿಸ್ಕ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ಪೆಂಡಿಂಗ್ ಸೆಕ್ಟರ್ 16 ಅಂತ ಬರುತ್ತಿದೆ. ಪರವಾಗಿಲ್ಲವಾ?

ಉತ್ತರ:
ಅಷ್ಟು ಸೆಕ್ಟರ್‌ಗಳನ್ನು ಓದಲು ಡಿಸ್ಕ್ ಈಗಲೇ ತಡವರಿಸುತ್ತಿದೆ ಅಂತ ಅರ್ಥ. ಪೂರ್ತಿ ಒಂದು ಸಲ ಸೊನ್ನೆ ಬರೆದು ಮತ್ತೆ ವರದಿ ನೋಡಿ. ಪೆಂಡಿಂಗ್ ಸೊನ್ನೆಗೆ ಇಳಿದು ಅಲ್ಲೇ ನಿಂತರೂ ಸಿನಿಮಾ ಮಾತ್ರ ಇಡಿ, ಹೋದರೆ ಮತ್ತೆ ಸಿಗುತ್ತವೆ. ಫೋಟೊಗೆ ಹೊಸ ಡಿಸ್ಕ್ ತನ್ನಿ. ದುಡ್ಡು ಹಾಕುವುದಿದ್ದರೆ ಅಲ್ಲಿ ಹಾಕಿ.